ಕಾಂಟ್ರಾ: ಒಂದು ಗುಂಡು, ಒಂದು ಜೀವ

ವಿಡಿಯೋ ಗೇಮ್ ಕಾರ್ಟ್ರಿಜ್, 1988
ಕೊನಾಮಿ, ಜಪಾನ್
ಪ್ಲಾಸ್ಟಿಕ್ ಹೊದಿಕೆ, ಒಳಗೆ ಮೆಮೊರಿ ಚಿಪ್

1987ರಲ್ಲಿ ನಾಣ್ಯ ಹಾಕಿ ಆಡುವ ಯಂತ್ರವಾಗಿ ಬಂದ ಆಟ, ಮರುವರ್ಷ ನಿಂಟೆಂಡೊ ಯಂತ್ರದ ಮೂಲಕ ಮನೆಯ ಟಿವಿಗೆ ಇಳಿಯಿತು. ತೊಂಬತ್ತರ ದಶಕದಲ್ಲಿ ನಮ್ಮ ಹುಡುಗರು ಇಂಥ ಡಬ್ಬಿಯನ್ನು ‘ಕ್ಯಾಸೆಟ್’ ಎನ್ನುತ್ತಿದ್ದರು. ಒಳಗೆ ಟೇಪಂತೂ ಇಲ್ಲ.

ಬಿಲ್, ಲ್ಯಾನ್ಸ್ ಎಂಬ ಇಬ್ಬರು ಸೈನಿಕರು. ತಲಾ ಮೂರು ಜೀವ. ಒಂದೇ ಗುಂಡು ತಗುಲಿದರೂ ಒಂದು ಜೀವ ಹೋಯಿತು. ಆಟ ನಿರ್ದಯಿ, ಮೋಸಗಾರ ಅಲ್ಲ. ಎದುರಾಳಿಯ ಗುಂಡು ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಬರುತ್ತದೆ. ಲಾಗ ಹಾಕಿ ನೆಗೆದ ಮೇಲೂ ಗಾಳಿಯಲ್ಲೇ ದಿಕ್ಕು ಬದಲಿಸಬಹುದು. ಹಾಗಾಗಿ ಸತ್ತವನಿಗೆ ತಾನು ಎಲ್ಲಿ ಎಡವಿದೆ ಎಂದು ಗೊತ್ತಿರುತ್ತದೆ, ಮತ್ತೆ ಆಡುತ್ತಾನೆ. ‘ಎಸ್’ ಅಕ್ಷರದ ಬಿಲ್ಲೆ ಸಿಕ್ಕರೆ ಬಂದೂಕಿನಿಂದ ಐದು ಗುಂಡುಗಳು ಬೀಸಣಿಗೆಯಂತೆ ಹರಡುತ್ತವೆ. ಸತ್ತರೆ ಅದೂ ಕೈಬಿಡುತ್ತದೆ. ಜೀವ ಹೋದದ್ದಕ್ಕಿಂತ ಇದರ ಸಂಕಟವೇ ದೊಡ್ಡದು.

ಗಮನಿಸಿ: ಮೂರನೆಯ ಹಂತದ ಜಲಪಾತ. ಇಲ್ಲಿ ಪರದೆ ಪಕ್ಕಕ್ಕಲ್ಲ, ಮೇಲಕ್ಕೆ ಸರಿಯುತ್ತದೆ. ಅವಸರದಿಂದ ಹತ್ತಿದವನು ಪರದೆಯನ್ನೂ ಎಳೆದುಕೊಂಡು ಹೋಗುತ್ತಾನೆ. ಕೆಳಗುಳಿದ ಜೊತೆಗಾರ ಶತ್ರುವಿಲ್ಲದೆಯೇ ಸಾಯುತ್ತಾನೆ. ಅಣ್ಣತಮ್ಮಂದಿರು ಜಗಳಕ್ಕೆ ಬೀಳುತ್ತಿದ್ದದ್ದು ಇಲ್ಲೇ.

ಶೀರ್ಷಿಕೆಯ ಪರದೆಯಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿ ಆಟ ಶುರುಮಾಡಿದರೆ 30 ಜೀವ.