ಕಂಬಳದ ಕರೆ: ಗದ್ದೆಯಿಂದ ಓಟದ ಕಣಕ್ಕೆ

ಕಂಬಳದಲ್ಲಿ ಕೋಣಗಳು ಓಡುವ ಕೆಸರಿನ ಪಥಕ್ಕೆ ಕರೆ ಎಂದು ಹೆಸರು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲೂ ಕಾಸರಗೋಡಿನ ಕೆಲವೆಡೆಯೂ ಮಳೆಗಾಲ ಮುಗಿದ ಮೇಲೆ, ನವೆಂಬರಿನಿಂದ ಮಾರ್ಚ್‌ವರೆಗೆ, ಈ ಕರೆಗಳಿಗೆ ನೀರು ಬಿಡುತ್ತಾರೆ. ಮೋಟಾರು ರೇಸಿನ ಪಥ ಸುತ್ತಿ ಬಳಸಿ ಹೊರಟಲ್ಲಿಗೇ ಮರಳುತ್ತದೆ. ಕರೆಗೆ ತಿರುವೇ ಇಲ್ಲ. ಕೋಣ ಇಳಿಯುವ ತುದಿ ಗಂತು. ಓಡಿ ಹತ್ತುವ ಏರು ಮಂಜೊಟ್ಟಿ. ಈ ಏರು ಅಲಂಕಾರಕ್ಕೆ ಮಾಡಿದ್ದಲ್ಲ. ರಭಸದಲ್ಲಿ ಬರುವ ಜೋಡಿಯನ್ನು ತಡೆದು ನಿಲ್ಲಿಸುವುದು ಅದೇ.

ಮೊದಲಿಗೆ ಕರೆಯೆಂಬ ಪ್ರತ್ಯೇಕ ನಿರ್ಮಾಣವಿರಲಿಲ್ಲ. ದೇವಸ್ಥಾನದ್ದೋ ಬೀಡು, ಗುತ್ತಿನ ಮನೆತನದ್ದೋ ಆದ ದೊಡ್ಡ ಗದ್ದೆಯೇ ಕಂಬಳಗದ್ದೆ. ಉಳುಮೆ, ದೈವದ ಹರಕೆ, ಊರಿನ ಮರ್ಯಾದೆ ಎಲ್ಲ ಅಲ್ಲಿ ಒಂದಾಗಿದ್ದವು. ಅಡಿಕೆ ಮರದ ಕಂಬವನ್ನು ಅಲಂಕರಿಸಿ ಗದ್ದೆಯ ನಡುವೆ ನೆಡುವ ಪೂಕರೆ ಕಂಬಳದಲ್ಲಿ ಓಟಕ್ಕಿಂತ ಆಚರಣೆಯದೇ ತೂಕ. ಉಡುಪಿ ಜಿಲ್ಲೆಯ ವಂಡಾರಿನ ಕಂಬಳ ಇಂಥ ಸಾಂಪ್ರದಾಯಿಕ ಬಗೆಗೆ ಹೆಸರಾದದ್ದು. ಗದ್ದೆಗೆ ಕೋಣಗಳನ್ನು ಒಂದು ಜೋಡಿಯ ಹಿಂದೆ ಇನ್ನೊಂದರಂತೆ ಇಳಿಸುತ್ತಿದ್ದರು. ಎದುರಾಳಿಯೇ ಇಲ್ಲದ ಕಡೆ ಗೆಲುವಿನ ಮಾತು ದೊಡ್ಡದಾಗಿರಲಿಲ್ಲ. ತೆಂಗಿನಕಾಯಿ, ಬಾಳೆಗೊನೆಯೇ ಬಹುಮಾನ.

ಕಂಬಳವನ್ನು ಸ್ಪರ್ಧೆಯಾಗಿಸಿದ್ದು ಜೋಡುಕರೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಬ್ಬಿದ ಈ ವಿನ್ಯಾಸದಲ್ಲಿ ಎರಡು ಕರೆಗಳು ಅಕ್ಕಪಕ್ಕ ಸಮಾನಾಂತರವಾಗಿ ಚಾಚಿಕೊಳ್ಳುತ್ತವೆ. ಎರಡು ಜೋಡಿಗಳನ್ನು ಒಟ್ಟಿಗೆ ಬಿಡಬಹುದಾದ್ದರಿಂದ ಸುತ್ತುಗಳು, ಸೆಮಿಫೈನಲ್, ಫೈನಲ್ ಎಲ್ಲವೂ ಬಂದವು. ರಾತ್ರಿಯಿಡೀ ಹೊನಲು ಬೆಳಕಿನಲ್ಲಿ ಓಟ ನಡೆಯತೊಡಗಿತು. ಮುಂದೆ ಮಂಜೊಟ್ಟಿಯಲ್ಲಿ ಲೇಸರ್ ಕಿರಣದ ತೀರ್ಪೂ ಸೇರಿತು. ಇಷ್ಟಾದರೂ ಕರೆಗಳಿಗೆ ಇಟ್ಟದ್ದು ತುಳುನಾಡಿನ ಮತ್ತು ಪುರಾಣದ ಜೋಡಿ ಹೆಸರುಗಳನ್ನೇ: ಮೂಡುಬಿದಿರೆ, ಪುತ್ತೂರುಗಳಲ್ಲಿ ಕೋಟಿ-ಚೆನ್ನಯ, ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ, ಮಿಯ್ಯಾರಿನಲ್ಲಿ ಲವ-ಕುಶ, ವೇಣೂರಿನಲ್ಲಿ ಸೂರ್ಯ-ಚಂದ್ರ, ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ, ಕಾಸರಗೋಡಿನ ಪೈವಳಿಕೆಯಲ್ಲಿ ಅಣ್ಣ-ತಮ್ಮ. ಹೀಗಾಗಿ ಓಟ ಗೆದ್ದದ್ದು ಎಡಗರೆಯಲ್ಲೋ ಬಲಗರೆಯಲ್ಲೋ ಎಂದು ಹೇಳಬೇಕಿಲ್ಲ. ಕೋಟಿ ಕರೆ, ಚೆನ್ನಯ ಕರೆ ಎಂದರೆ ಸಾಕು.

ಕರೆ ಒಂದೇ ಆದರೂ ಅದರ ಬಳಕೆ ಒಂದೇ ಬಗೆಯದಲ್ಲ. ಹಗ್ಗ, ನೇಗಿಲು, ಅಡ್ಡ ಹಲಗೆ ವಿಭಾಗಗಳಲ್ಲಿ ವೇಗವೇ ಮುಖ್ಯ. ಕನೆಹಲಗೆಯಲ್ಲಿ ಹಾಗಲ್ಲ. ಓಡಿಸುವವನು ಒಂದು ಕಾಲೂರಿ ನಿಲ್ಲುವ ಆ ಮರದ ತುಂಡಿನಲ್ಲಿ ಎರಡು ತೂತುಗಳಿರುತ್ತವೆ. ಕೋಣ ಓಡಿದಂತೆ ಅವುಗಳಿಂದ ನೀರು ಚಿಮ್ಮಿ, ಕರೆಗೆ ಅಡ್ಡಲಾಗಿ ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ನಿಶಾನೆಯ ಎತ್ತರವನ್ನು ಆರೂವರೆ ಕೋಲು, ಏಳೂವರೆ ಕೋಲು ಎಂದು ಎಣಿಸುತ್ತಾರೆ. ನೀರು ಎಷ್ಟು ಎತ್ತರಕ್ಕೆ ಹಾರಿತು ಎಂಬುದನ್ನು ನೋಡಿ ತೀರ್ಪು ಕೊಡುವ ಓಟ ಬೇರೆಲ್ಲಾದರೂ ಇದ್ದರೆ ಅದು ಬಲು ಅಪರೂಪವೇ ಸರಿ. ಘಟ್ಟದ ಮೇಲೆ ಹಾವೇರಿ, ಶಿಕಾರಿಪುರ, ಸೊರಬದ ಕಡೆಯ ಹೋರಿ ಹಬ್ಬಕ್ಕೆ ಇಂಥ ಕಣದ ಹಂಗಿಲ್ಲ. ಅಲ್ಲಿ ಕೊಬ್ಬರಿ ಹಾರ ತೊಟ್ಟ ಹೋರಿ ಜನರ ನಡುವೆ ಒಂಟಿಯಾಗಿಯೇ ನುಗ್ಗುತ್ತದೆ.

2020ರ ಫೆಬ್ರವರಿಯಲ್ಲಿ ಐಕಳದ ಕರೆ ದೇಶದ ತುಂಬ ಸುದ್ದಿಯಾಯಿತು. ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದ್ದರು. ಅದನ್ನು 100 ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿ ಉಸೇನ್ ಬೋಲ್ಟ್‌ನ 9.58ರ ಪಕ್ಕದಲ್ಲಿಟ್ಟರು. ಈ ಲೆಕ್ಕ ಕಂಬಳ ಬಲ್ಲವರಿಗೆ ಒಪ್ಪಿಗೆಯಾಗುವಂಥದ್ದಲ್ಲ. ಕಂಬಳದಲ್ಲಿ ಓಡುವವನನ್ನು ಎಳೆಯುವುದು ಕೋಣಗಳು. ಮೇಲಾಗಿ ಕರೆಗಳ ಉದ್ದ ಊರಿಂದೂರಿಗೆ ಬೇರೆ, ಕೆಸರಿನ ಹದವೂ ಬೇರೆ. ಐಕಳದ ದಾಖಲೆ ಐಕಳದ ಕರೆಯದೇ.

ಕರೆಗಳು ಬರಿದಾಗಿದ್ದ ಕಾಲವೂ ಇತ್ತು. ತಮಿಳುನಾಡಿನ ಜಲ್ಲಿಕಟ್ಟನ್ನು ನಿಷೇಧಿಸಿದ ಸುಪ್ರೀಂ ಕೋರ್ಟಿನ 2014ರ ಮೇ 7ರ ತೀರ್ಪಿನ ಬೆನ್ನಿಗೆ ಕಂಬಳಕ್ಕೂ ಕುತ್ತು ಬಂತು. 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಕಂಬಳಕ್ಕೆ ತಡೆ ನೀಡಿತು. 2017ರಲ್ಲಿ ರಾಜ್ಯ ವಿಧಾನಮಂಡಲ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು, ಅದನ್ನು 2023ರ ಮೇ 18ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ಭತ್ತದ ಪೈರು ಕಾಣದ ಆ ನೆಲದಲ್ಲಿ ಸಿದ್ಧಪಡಿಸಿದ ಜೋಡುಕರೆಯ ಉದ್ದ 155 ಮೀಟರ್.