ಗಿರಕಿಯಿಂದ ಪಾಠಕ್ಕೆ

ರೆಕ್ಕೆಗಳು ಎತ್ತುವ ಬಲವನ್ನು ಕಳೆದುಕೊಂಡು ವಿಮಾನವು ಸುರುಳಿಯಾಗಿ ಸುತ್ತುತ್ತ ಕುಸಿಯುವ ‘ಸ್ಪಿನ್’ ಎಂಬ ಸ್ಥಿತಿಯನ್ನು ಹಾರಾಟದ ಆರಂಭಕಾಲದ ಚಾಲಕರು ಬಹುಮಟ್ಟಿಗೆ ಸಾವೆಂದೇ ಭಾವಿಸಿದ್ದರು. 1912ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲಿನ ಮೇಲೆ ಈ ಸುಳಿಗೆ ಸಿಲುಕಿದ ನೌಕಾದಳದ ಲೆಫ್ಟಿನೆಂಟ್ ವಿಲ್ಫ್ರೆಡ್ ಪಾರ್ಕ್, ರೂಢಿಯ ಉಪಾಯಗಳು ವಿಫಲವಾದಾಗ, ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಚುಕ್ಕಾಣಿಯನ್ನು, ಅಂದರೆ ರಡರನ್ನು, ಸುತ್ತಿನ ವಿರುದ್ಧ ದಿಕ್ಕಿಗೆ ಹೊರಳಿಸಿ ನೆಲದ ಸಮೀಪದಲ್ಲಿ ಪಾರಾದರು. ಮೊದಲ ಮಹಾಯುದ್ಧದ ಅವಧಿಯಲ್ಲಿ ಫಾರ್ನ್‌ಬರೋದ ಭೌತವಿಜ್ಞಾನಿ ಫ್ರೆಡರಿಕ್ ಲಿಂಡೆಮನ್ ತಾವೇ ವಿಮಾನವನ್ನು ಸ್ಪಿನ್‌ಗೆ ಇಳಿಸಿ ಅಳತೆಗಳನ್ನು ದಾಖಲಿಸಿದರೆ, 1917ರಲ್ಲಿ ಗಾಸ್‌ಪೋರ್ಟ್ ಹಾರಾಟ ತರಬೇತಿ ಶಾಲೆಯ ರಾಬರ್ಟ್ ಸ್ಮಿತ್-ಬ್ಯಾರಿ, ಶಿಷ್ಯರನ್ನು ಅಪಾಯದಿಂದ ದೂರವಿಡುವ ಬದಲು ಉದ್ದೇಶಪೂರ್ವಕವಾಗಿ ಅದರೊಳಕ್ಕೆ ಕರೆದೊಯ್ದು ಹೊರಬರುವುದನ್ನು ಕಲಿಸುವ ಕ್ರಮವನ್ನು ರೂಪಿಸಿದರು. ನಿಷಿದ್ಧವೆನಿಸಿದ್ದನ್ನು ತಳ್ಳಿಹಾಕದೆ ಪರೀಕ್ಷೆಗೆ ಒಡ್ಡಿದ ಈ ಮುಕ್ತಮನಸ್ಸೇ ವೈಮಾನಿಕ ಶಿಕ್ಷಣಕ್ಕೆ ಭದ್ರವಾದ ತಳಹದಿ ಹಾಕಿತು.