‘ದಾಯ’ ಎಂದರೆ ಒಂದು ಮರವೇ? ಕೆಳದಿ ಶಿಸ್ತಿನ ಒಂದು ಅಳತೆಮಾತು

ಶಿವಮೊಗ್ಗದ ಸಭೆಗಳಲ್ಲಿ ‘ಶಿವಪ್ಪನಾಯಕನ ಶಿಸ್ತು’ ಎಂದರೆ ನಡವಳಿಕೆಯ ಕಟ್ಟುನಿಟ್ಟು ಎಂದು ಅರ್ಥ ಹೇಳುವವರು ಇನ್ನೂ ಇದ್ದಾರೆ. ಆದರೆ ಅದು ಕೆಳದಿಯ ಅರಸ ಶಿವಪ್ಪನಾಯಕ ಮಾಡಿದ ಭೂಕಂದಾಯದ ನಿಗದಿ. ಬಿ. ಎಲ್. ರೈಸ್ ಅವರ ಗೆಜೆಟಿಯರ್ ಓದಿದವರಿಗೆ ಇದನ್ನು ಮತ್ತೆ ಹೇಳಬೇಕಿಲ್ಲ. ನನ್ನ ತಕರಾರು ಇರುವುದು ಆ ಗೆಜೆಟಿಯರಿನ ಒಂದು ವಾಕ್ಯದ ಮೇಲೆ.

ಗದ್ದೆಯ ಶಿಸ್ತನ್ನು ಖಂಡುಗದ ಬೀಜವರಿಯ ಲೆಕ್ಕದಲ್ಲಿ ವಿವರಿಸಿದ ಮೇಲೆ ರೈಸ್ ಅಡಿಕೆ ತೋಟಕ್ಕೆ ಬರುತ್ತಾರೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಮೆಟ್ಟಿಲುಗಲ್ಲಿನ ಉದ್ದವೇ ಅಳತೆಕೋಲು, 18 ಅಡಿ 6 ಅಂಗುಲ. ಆ ಕೋಲಿನ ಚದರವೇ ‘ದಾಯ’, ಒಂದು ಮರಕ್ಕೆ ಬಿಟ್ಟ ಜಾಗ. ತೆರಿಗೆ ಸಾವಿರ ದಾಯಕ್ಕೆ ಇಷ್ಟು ವರಹ ಎಂದು. ಹಳೆಯ ಸಾಗರ ತಾಲ್ಲೂಕಿನಲ್ಲಿ 7ರಿಂದ 20 ಬಹದ್ದೂರಿ ವರಹ. ಈ ‘ಒಂದು ಮರ’ವನ್ನು ಆಮೇಲಿನವರು ಹಾಗೆಯೇ ನಕಲು ಮಾಡಿಕೊಂಡರು. ತೋಟಕ್ಕೆ ಇಳಿದು ನೋಡಿದ್ದರೆ ಕೈ ತಡೆಯುತ್ತಿತ್ತು.

ಹದಿನೆಂಟೂವರೆ ಅಡಿಯ ಚದರವೆಂದರೆ 342 ಚದರಡಿ. ಸಾವಿರ ದಾಯಕ್ಕೆ ಸುಮಾರು 7.86 ಎಕರೆ. ಎಕರೆಗೆ 127 ಮರ! ಇಂದು ಒಂಬತ್ತಡಿಗೊಂದು ಸಸಿ ನೆಡುವವರು ಎಕರೆಗೆ ಐನೂರಕ್ಕೂ ಮೇಲೆ ಕೂರಿಸುತ್ತಾರೆ. ಹಿಂದಿನವರು ವಿರಳವಾಗಿ ನೆಡುತ್ತಿದ್ದರು ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ಅಡಿಕೆಯ ಕಾಂಡಕ್ಕೆ ಪಡುವಣ ಬಿಸಿಲು ಬಿದ್ದರೆ ಸುಟ್ಟು ಸೀಳುತ್ತದೆ. ಮರಕ್ಕೆ ಮರವೇ ನೆರಳು. ಅಷ್ಟು ಬಯಲು ಬಿಟ್ಟ ತೋಟ ಬಾಳುವುದಿಲ್ಲ.

ಕೋಲನ್ನು ಅರ್ಧ ಮಾಡಿದರೆ ಒಂಬತ್ತೂಕಾಲು ಅಡಿ. ಅಲ್ಲಿಗೆ ಒಂದು ದಾಯದಲ್ಲಿ ನಾಲ್ಕು ಮರ ಸಲೀಸಾಗಿ ಕೂರುತ್ತವೆ. ಮಲೆನಾಡಿನ ತೋಟದಲ್ಲಿ ಎರಡು ಕಪ್ಪುಗಳ (ಬಸಿಗಾಲುವೆಗಳ) ನಡುವೆ ಬರಣ (ಮರ ನೆಡುವ ಏರುಪಟ್ಟಿ), ಬರಣಕ್ಕೆ ಎರಡು ಸಾಲು. ಬರಣ ಮತ್ತು ಅದರ ಪಾಲಿನ ಕಪ್ಪು ಸೇರಿದ ಅಗಲವೇ ಈ ಕೋಲು ಎಂಬುದು ನನ್ನ ಊಹೆ. (ಊಹೆ ಎಂದೇ ಹೇಳುತ್ತಿದ್ದೇನೆ; ಗೆಜೆಟಿಯರಿನ ‘ಒಂದು ಮರ’ಕ್ಕೆ ಇಷ್ಟು ಆಧಾರವೂ ಇಲ್ಲ.)

ದಾಯದೊಳಗಿನ ಬಾಳೆ, ಮೆಣಸಿನ ಬಳ್ಳಿಗಳಿಗೂ ಜಾಗ ಹಿಡಿದು ರಿಯಾಯಿತಿ ಕೊಟ್ಟಿರಬಹುದಲ್ಲ ಎಂಬ ಆಕ್ಷೇಪಣೆ ಬರಬಹುದು. ಮೆಣಸು ಹಬ್ಬುವುದು ಅಡಿಕೆ ಮರದ ಮೈಮೇಲೆ; ಅದಕ್ಕೆ ಬೇರೆ ನೆಲ ಬೇಕಿಲ್ಲ. ಬಾಳೆ ಬರುವುದು ಸಾಲುಗಳ ಎಡೆಯಲ್ಲಿ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಹಳೆ ಮರದ ಬುಡದ ಪಕ್ಕದಲ್ಲೇ ಹೊಸ ಸಸಿ ಏಳುವ ತೋಟದಲ್ಲಿ ಮರದ ಎಣಿಕೆ ವರ್ಷವರ್ಷಕ್ಕೂ ಬದಲಾಗುತ್ತದೆ. ನಾಯಕರು ಕೋಲು ಹಿಡಿದದ್ದೇ ಈ ತೊಡಕಿನಿಂದ ಪಾರಾಗಲು. ನೆಲ ಅಳೆದರೆ ಮರ ಎಣಿಸಬೇಕಿಲ್ಲ. ಜಪಾನಿನಲ್ಲಿ ಆಡಳಿತಗಾರ ಹಿದೆಯೋಶಿಯ ಭೂಮೋಜಣಿಯೂ 6 ಶಾಕು 3 ಸುನ್ ಉದ್ದದ ಕೋಲಿನ ಚದರವನ್ನೇ ‘ಬು’ ಎಂದು ಹಿಡಿದು, 300 ಬುಗಳಿಗೆ ಒಂದು ‘ತಾನ್’ ಮಾಡಿತು.

ಗೊಂದಲ ಹುಟ್ಟಿದ್ದು ಎಲ್ಲಿಂದ? ನಮ್ಮಲ್ಲಿ ತೋಟವನ್ನು ‘ಸಾವಿರ ಮರದ ತೋಟ’ ಎಂದು ಹೇಳುವ ರೂಢಿಯಿದೆ. ಕಡತದ ‘ಸಾವಿರ ದಾಯ’ ಈ ಬಾಯಿಮಾತಿನ ಜೊತೆ ಬೆರೆತಿರಬೇಕು. ಭದ್ರಾವತಿ ಸುತ್ತ, ಭದ್ರಾ ನಾಲೆಯ ನೀರಿನಲ್ಲಿ ಗದ್ದೆಗಳು ತೋಟವಾದ ಕಡೆ, ಎಕರೆ, ಗುಂಟೆ, ಗಿಡದ ಲೆಕ್ಕವಷ್ಟೇ ಉಳಿದಿದೆ. ಅಲ್ಲಿ ನಿಂತು ಕೆಳದಿಯ ಅಳತೆಯನ್ನು ಓದಿದರೆ ರೈಸ್ ವಾಕ್ಯ ಸರಿಯೆನಿಸುವುದು ಸಹಜ.

ಇದು ಬರೀ ಪದದ ಜಗಳವಲ್ಲ. ನನ್ನ ಲೆಕ್ಕದಂತೆ ಆ 7ರಿಂದ 20 ವರಹ ಬಿದ್ದದ್ದು ಸಾವಿರ ಮರಕ್ಕಲ್ಲ, ಸುಮಾರು ನಾಲ್ಕು ಸಾವಿರ ಮರಕ್ಕೆ. ಮರವೊಂದರ ಮೇಲಿನ ತೆರಿಗೆ ಕಾಲುಭಾಗಕ್ಕೆ ಇಳಿಯುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳೆಯ ತೋಟಗಳಲ್ಲಿ ಬರಣಗಳನ್ನು ಕಪ್ಪಿನಿಂದ ಕಪ್ಪಿಗೆ ಅಳೆದು ಇಕ್ಕೇರಿಯ ಕಲ್ಲಿನ ಜೊತೆ ಹೋಲಿಸುವ ಕೆಲಸ ಆಗಬೇಕು. ಅಲ್ಲಿಯವರೆಗೆ ಕೆಳದಿಯ ತೋಟದ ಶಿಸ್ತು ಭಾರವಾಗಿತ್ತೋ ಹಗುರವಾಗಿತ್ತೋ ಎಂದು ಯಾರೂ ತೀರ್ಪು ಕೊಡದಿರುವುದು ಒಳ್ಳೆಯದು.